ಲೈಬ್ರರಿಯ ಕಪಾಟಿನಲ್ಲಿ ವಿಡಿಯೊ ಪಾಠ

2021ರ ಜೂನ್ ತಿಂಗಳು. ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಡುಗಿಯೊಬ್ಬಳು ಮಳೆಯಲ್ಲೇ ರಸ್ತೆ ಬದಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು. ತಂದೆ ಕೊಡೆ ಹಿಡಿದು ನಿಂತಿದ್ದರು. ಆ ಚಿತ್ರವನ್ನು ನಾಡೆಲ್ಲ ನೋಡಿತು. ಅಂದು ಶಾಲೆ ಮುಚ್ಚಿತ್ತು, ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಇಂದು ಶಾಲೆ, ಕಾಲೇಜು ತೆರೆದಿವೆ. ಅದೇ ತಾಲ್ಲೂಕಿನ ಐವರ್ನಾಡಿನ ಮಕ್ಕಳು ಬೆಳ್ಳಾರೆ, ಸುಳ್ಯ, ಪುತ್ತೂರಿನ ಕಾಲೇಜುಗಳಿಗೆ ಬಸ್ಸು ಹಿಡಿಯುತ್ತಾರೆ. ದಿನವಿಡೀ ಅವರು ಇರುವ ಆ ಕಾಲೇಜಿನ ಲೈಬ್ರರಿಯಲ್ಲೇ ವಿಡಿಯೊ ಪಾಠಗಳೂ ಇದ್ದರೆ ಹೇಗೆ?

ಅದಕ್ಕೆ ಬೇಕಾದದ್ದು ಮೀಡಿಯಾ ಸರ್ವರ್. ವಿಡಿಯೊಗಳನ್ನು ತನ್ನಲ್ಲೇ ಇಟ್ಟುಕೊಂಡು, ಕೇಳಿದವರಿಗೆಲ್ಲ ಒಟ್ಟಿಗೆ ಹರಿಸುವ ಕಂಪ್ಯೂಟರ್ ಅದು. ಕಟ್ಟಡದೊಳಗಿನ ಕೇಬಲ್ಲಿನಲ್ಲೇ ಪಾಠ ಹರಿಯುವುದರಿಂದ ಹೊರಗಿನ ಇಂಟರ್ನೆಟ್ ಕೈಕೊಟ್ಟರೂ ನಡೆಯುತ್ತದೆ.

ಅಡಿಕೆ ತೋಟ ಇರುವವರಿಗೆ ಇದರ ಲೆಕ್ಕ ಹೊಸತಲ್ಲ. ಟ್ಯಾಂಕು ಎಷ್ಟೇ ದೊಡ್ಡದಿರಲಿ, ಒಂದು ಪೈಪಿನಲ್ಲಿ ಒಮ್ಮೆಗೆ ಇಂತಿಷ್ಟೇ ಸ್ಪ್ರಿಂಕ್ಲರ್ ತಿರುಗುತ್ತವೆ. ಕರಿಹಲಗೆಯ ಅಕ್ಷರ ಓದುವಷ್ಟು ಸ್ಪಷ್ಟವಾದ ವಿಡಿಯೊಗೆ ಸೆಕೆಂಡಿಗೆ ಸುಮಾರು 10 ಲಕ್ಷ ಬಿಟ್, ಅಂದರೆ 1 ಮೆಗಾಬಿಟ್ ಬೇಕು. 40 ಮಂದಿ ಒಟ್ಟಿಗೆ ನೋಡಿದರೆ 40 ಮೆಗಾಬಿಟ್. ಕಚೇರಿ, ಪ್ರಯೋಗಾಲಯ ಎಲ್ಲ ಹಂಚಿಕೊಳ್ಳುವ ಇಂಟರ್ನೆಟ್ಟಿಗೆ ಇದು ಭಾರವಾದೀತು. ಒಳಗಿನ ಗಿಗಾಬಿಟ್ ಕೇಬಲ್ಲಿಗೋ 1000 ಮೆಗಾಬಿಟ್‌ನ ಸಾಮರ್ಥ್ಯ! ಸಿಕ್ಕಿಬೀಳುವುದು ವೈಫೈಯಲ್ಲಿ. ಒಂದೇ ಪೆಟ್ಟಿಗೆಯ ಗಾಳಿಯ ದಾರಿಯನ್ನು ಎಲ್ಲರೂ ಹಂಚಿಕೊಳ್ಳಬೇಕು, ನಡುವೆ ಗೋಡೆ ಬೇರೆ. ದುಬಾರಿ ಸರ್ವರ್ ಕೊಳ್ಳುವ ಹಣದಲ್ಲಿ ಹತ್ತು ಮೇಜುಗಳಿಗೆ ಕೇಬಲ್ ಎಳೆಸುವುದೇ ಲೇಸು.

ಜಾಗದ ಚಿಂತೆ ಬೇಡ. ಈ ದರದಲ್ಲಿ ಒಂದು ಗಂಟೆಯ ಪಾಠ 450 ಮೆಗಾಬೈಟ್. 2 ಟೆರಾಬೈಟ್ ಡಿಸ್ಕಿನಲ್ಲಿ ನಾಲ್ಕು ಸಾವಿರ ಗಂಟೆಗಿಂತ ಹೆಚ್ಚು ಪಾಠ ಹಿಡಿಯುತ್ತದೆ. ಮೂರು ವರ್ಷದ ಪದವಿಯಲ್ಲಿ ಅಷ್ಟನ್ನೂ ನೋಡಿ ಮುಗಿಸುವ ವಿದ್ಯಾರ್ಥಿ ಇನ್ನೂ ಹುಟ್ಟಬೇಕು.

ಯಾವ ಸಾಫ್ಟ್‌ವೇರ್ ಎಂದು ಮೊದಲೇ ಕೇಳುವುದು ರೂಢಿ. ಅದು ತಲೆಕೆಳಗು. ಮೊದಲು ತೀರ್ಮಾನಿಸಬೇಕಾದದ್ದು ವಿಡಿಯೊಗಳನ್ನು ಯಾವ ರೂಪದಲ್ಲಿ ಇಡಬೇಕೆಂಬುದನ್ನು. 2020ರ ಕೊನೆಗೆ ಅಡೋಬಿ ಕಂಪನಿ ಫ್ಲ್ಯಾಶ್ ಅನ್ನು ಕೈಬಿಟ್ಟಾಗ, ಅದನ್ನೇ ನಂಬಿ ಮಾಡಿದ ಪಾಠಗಳು ಬ್ರೌಸರಿನಲ್ಲಿ ತೆರೆಯದೆ ಹೋದವು. 2003ರಲ್ಲಿ ಬಂದ ಎಚ್.264 ವಿಧಾನದ ಎಂಪಿ4 ಕಡತಗಳನ್ನು ಹಳೆಯ ಮೊಬೈಲೂ ತೆರೆಯುತ್ತದೆ. 2013ರ ಎಚ್.265 ಅರ್ಧದಷ್ಟೇ ಜಾಗ ಹಿಡಿಯುತ್ತದೆ, ನಿಜ. ಆದರೆ ಅದನ್ನು ಅರಿಯದ ಯಂತ್ರ ಎದುರಾದರೆ ಸರ್ವರ್ ಆ ಕ್ಷಣದಲ್ಲೇ ರೂಪ ಬದಲಿಸಿ ಕೊಡಬೇಕಾಗುತ್ತದೆ. ನಾಲ್ಕು ಜನ ಹಾಗೆ ಕೇಳಿದರೆ ಸಣ್ಣ ಕಂಪ್ಯೂಟರ್ ಬಿಸಿಯಾಗಿ ಸುಸ್ತಾದೀತು. ಎಲ್ಲವನ್ನೂ ಒಮ್ಮೆ ರಾತ್ರಿ ಹೊತ್ತು ಪರಿವರ್ತಿಸಿಟ್ಟರೆ ಹಗಲಿನ ಕೆಲಸ ಬರೇ ಬಡಿಸುವುದಷ್ಟೇ. ಅದಕ್ಕೆ ಹದಿನೈದು ವ್ಯಾಟಿನ ಪುಟ್ಟ ಕಂಪ್ಯೂಟರ್ ಸಾಕು. ಕರೆಂಟು ಹೋದಾಗ ಯುಪಿಎಸ್ ಮೇಲೂ ಬಹಳ ಹೊತ್ತು ನಡೆಯುತ್ತದೆ.

ಸಾಫ್ಟ್‌ವೇರುಗಳಲ್ಲಿ ಜೆಲ್ಲಿಫಿನ್, ಕೊಲಿಬ್ರಿ ಎರಡೂ ಉಚಿತ. ಇಂಟರ್ನೆಟ್ ಇಲ್ಲದ ಶಾಲೆಗಳಿಗೆಂದೇ ರೂಪಿಸಿದ ಕೊಲಿಬ್ರಿಯಲ್ಲಿ ಯಾರು ಎಷ್ಟು ಕಲಿತರೆಂಬ ಲೆಕ್ಕವೂ ಇರುತ್ತದೆ.

ತುಂಬುವುದೇನನ್ನು? ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್ ಪಾಠಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಿಗುತ್ತವೆ. ಆ ಪರವಾನಗಿಯ ಷರತ್ತಿನಂತೆ ಪ್ರತಿ ಮಾಡಿಕೊಳ್ಳಬಹುದು. ಕಾಲೇಜಿನ ಅಧ್ಯಾಪಕರದೇ ಕನ್ನಡ ಪಾಠಗಳನ್ನೂ ಸೇರಿಸಬಹುದು. ಕಂಡ ಸಿನಿಮಾ ಎಲ್ಲ ತುಂಬಲಾಗದು. ಹಕ್ಕುಸ್ವಾಮ್ಯದ ಕಾಯ್ದೆ ಇದೆ.

ಇನ್ನೊಂದು ಮಾತು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ ಅವರು ನಾಲ್ಕನೆಯದರಲ್ಲಿ ಓದುಗನ ಸಮಯದ ಕಾಳಜಿ ವಹಿಸಿದ್ದಾರೆ. ಪುಸ್ತಕದ ಹಾಗೆ ಪ್ರತಿ ವಿಡಿಯೊಗೂ ವಿಷಯ, ಅಧ್ಯಾಯ, ಸಂಖ್ಯೆ ಹಾಕಿ ಕ್ಯಾಟಲಾಗಿಗೆ ಸೇರಿಸದಿದ್ದರೆ ನಾಲ್ಕು ಸಾವಿರ ಗಂಟೆಯ ರಾಶಿಯಲ್ಲಿ ಬೇಕಾದ ಹತ್ತು ನಿಮಿಷ ಸಿಗುವುದಿಲ್ಲ. ಇದು ಕಂಪ್ಯೂಟರಿನ ಕೆಲಸವಲ್ಲ, ಗ್ರಂಥಪಾಲರದು. ಏಪ್ರಿಲ್, ಮೇ ತಿಂಗಳ ಸಿಡಿಲಿನ ಭಯ ಇರುವ ಕಡೆ ಡಿಸ್ಕಿನ ಇನ್ನೊಂದು ಪ್ರತಿಯನ್ನು ವೈರು ಕಳಚಿ ಬೀರುವಿನಲ್ಲಿಡುವುದೂ ಅವರದೇ ಜವಾಬ್ದಾರಿ.

ಶನಿವಾರ ಐವರ್ನಾಡಿಗೆ ಮರಳುವ ವಿದ್ಯಾರ್ಥಿಗೆ, ಪರವಾನಗಿ ಇರುವ ಪಾಠಗಳನ್ನು ಪೆನ್‌ಡ್ರೈವಿಗೆ ತುಂಬಿ, ಪುಸ್ತಕದಂತೆ ರಿಜಿಸ್ಟರಿನಲ್ಲಿ ಬರೆದು ಕೊಡಬಹುದು. 32 ಗಿಗಾಬೈಟಿನದರಲ್ಲಿ ಅರುವತ್ತು ಗಂಟೆಯ ಪಾಠ ಮನೆಗೆ ಹೋಗುತ್ತದೆ.