ದಾರ ಹಿಡಿದು ದಾರಿ ಹುಡುಕಿ

ಕೃತಕ ಬುದ್ಧಿಮತ್ತೆ ಎಂದರೆ ಮಾಯಮಂತ್ರವಲ್ಲ ಮಕ್ಕಳೇ. ಅದರ ಮೊದಮೊದಲ ಪಾಠಕ್ಕೆ ಕೂಡುವ ಲೆಕ್ಕ ಬಂದರೆ ಸಾಕು.

2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಈ ವಿಷಯದ ಆರಂಭಿಕ ಕೋರ್ಸನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಸೇರಿದವರು ಸುಮಾರು 1,60,000 ಮಂದಿ, ಮುಗಿಸಿದವರು ಸುಮಾರು 23,000. ಅದರಲ್ಲೊಂದು ಪಾಠ ರುಮೇನಿಯಾದ ನಕ್ಷೆಯದು. ಅರಾದ್ ಎಂಬ ಊರಿನಿಂದ ರಾಜಧಾನಿ ಬುಕಾರೆಸ್ಟಿಗೆ ಹತ್ತಿರದ ದಾರಿ ಯಾವುದು?

ಪೆನ್ಸಿಲ್ ಹಿಡಿಯಿರಿ. ಅರಾದ್‌ನಿಂದ ಸಿಬಿಯುಗೆ 140 ಕಿ.ಮೀ. ಅಲ್ಲಿ ದಾರಿ ಕವಲೊಡೆಯುತ್ತದೆ: ಫಗರಾಷ್ 99, ರಿಮ್ನಿಕು 80. ಈಗ ನಕ್ಷೆಯ ಮೇಲೆ ಬುಕಾರೆಸ್ಟಿಗೆ ನೇರವಾಗಿ ದಾರ ಎಳೆದು ಅಳೆಯಿರಿ. ಫಗರಾಷ್‌ನಿಂದ 176, ರಿಮ್ನಿಕುವಿನಿಂದ 193. ಅವಸರದವನು ಫಗರಾಷ್ ಕಡೆ ಓಡುತ್ತಾನೆ. ಕಂಪ್ಯೂಟರ್ ಹಾಗಲ್ಲ, ನಮ್ಮ ಬ್ಯಾಂಕಿನ ಲೆಡ್ಜರಿನಂತೆ ಎರಡು ಕಾಲಂ ಬರೆಯುತ್ತದೆ. ಈವರೆಗೆ ನಡೆದದ್ದು ಒಂದು, ಇನ್ನು ಕನಿಷ್ಠ ನಡೆಯಬೇಕಾದದ್ದು ಇನ್ನೊಂದು.

ಫಗರಾಷ್: 239 + 176 = 415.
ರಿಮ್ನಿಕು: 220 + 193 = 413.

ಕಡಿಮೆ ಮೊತ್ತದ್ದೇ ಮೊದಲು. ರಿಮ್ನಿಕುವಿನಿಂದ ಪಿಟೆಷ್ಟಿಗೆ 97. ಅಲ್ಲಿಂದ ದಾರದ ಅಳತೆ 100. ಮೊತ್ತ 417. ಈಗ ಫಗರಾಷ್‌ನ 415 ಚಿಕ್ಕದಾಯಿತಲ್ಲ, ಅತ್ತ ನೋಡೋಣ. ಅಲ್ಲಿಂದ ಬುಕಾರೆಸ್ಟಿಗೆ ರಸ್ತೆ 211, ಒಟ್ಟು 450. ಊರೇನೋ ಸಿಕ್ಕಿತು! ಆದರೆ ಲೆಕ್ಕ ಮುಗಿದಿಲ್ಲ. 417ರ ಸಾಲು ಇನ್ನೂ ಬಾಕಿ ಇದೆ. ಪಿಟೆಷ್ಟಿಯಿಂದ ರಸ್ತೆ 101, ಒಟ್ಟು 418. ಉಳಿತಾಯ 32 ಕಿ.ಮೀ.!

ಅರಾದ್‌ನಿಂದ ಹೊರಡುವ ಇನ್ನೆರಡು ರಸ್ತೆಗಳ ಮೊತ್ತ 447 ಮತ್ತು 449. ಅತ್ತ ಹೆಜ್ಜೆ ಇಡದೆಯೇ ಅವನ್ನು ಹೊಡೆದುಹಾಕಬಹುದು. ಏಕೆ ಗೊತ್ತೇ? ರಸ್ತೆ ಎಷ್ಟೇ ನೇರವಿದ್ದರೂ ದಾರಕ್ಕಿಂತ ಚಿಕ್ಕದಾಗಲಾರದು. ಹಾಗಾಗಿ ನಿಜವಾದ ದೂರ ಆ ಮೊತ್ತಕ್ಕಿಂತ ಹೆಚ್ಚಾದೀತೇ ಹೊರತು ಕಡಿಮೆಯಾಗದು. ಈ ಉಪಾಯವನ್ನು 1968ರಲ್ಲಿ ಹಾರ್ಟ್, ನಿಲ್ಸನ್ ಮತ್ತು ರಾಫೆಲ್ ಎಂಬ ಮೂವರು ಪ್ರಕಟಿಸಿದರು. ಹೆಸರು ‘ಎ ಸ್ಟಾರ್’.

‘ಎಲ್ಲವನ್ನೂ ಕಂಪ್ಯೂಟರೇ ಹೇಳುತ್ತದೆ, ಲೆಕ್ಕ ಕಲಿತು ಏನಾಗಬೇಕು?’ ಎಂದು ಕೇಳುವ ಮಕ್ಕಳಿದ್ದಾರೆ. ಅದು 450 ಎಂದು ಹೇಳಿದರೆ, 418 ಇದೆಯಲ್ಲ ಎಂದು ತೋರಿಸಲು ನಿಮಗೆ ಬರಬೇಡವೇ? ಮೊದಲು ಸಿಕ್ಕ ಉತ್ತರವೇ ಒಳ್ಳೆಯ ಉತ್ತರವಲ್ಲ. ಬಾಕಿ ಸಾಲುಗಳನ್ನೂ ನೋಡಬೇಕು.

ಈ ವಾರದ ಮನೆಗೆಲಸ: ನಿಮ್ಮ ಮನೆಯಿಂದ ಶಾಲೆಗೆ ಇರುವ ದಾರಿಗಳ ನಕ್ಷೆ ಬರೆಯಿರಿ. ಅಮ್ಮನ ಹೊಲಿಗೆ ಡಬ್ಬಿಯಿಂದ ಒಂದು ಗೇಣು ದಾರ ಕೇಳಿ ತನ್ನಿ. ಕೂಡಿ ನೋಡಿ.