ಒಂದೇ ಹನಿ ಕೊಳವೆ, ಎರಡು ಫಲಿತಾಂಶ

ವಿಜಯಪುರ: ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಈ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ಹನಿ ನೀರಾವರಿಯ ಕೊಳವೆ ಇಲ್ಲದ ದ್ರಾಕ್ಷಿ ತೋಟ ಅಪರೂಪ. ನೆರೆಯ ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ ಸರ್ಕಾರವೇ ಮುಂದೆ ನಿಂತು ಸುಮಾರು 24 ಸಾವಿರ ಹೆಕ್ಟೇರ್ ಪ್ರದೇಶಕ್ಕೆ ಇದೇ ತಂತ್ರಜ್ಞಾನವನ್ನು ಒಯ್ದಿತು. ಏಷ್ಯಾದಲ್ಲಿಯೇ ದೊಡ್ಡದೆಂದು ಬಣ್ಣಿಸಲಾದ, 2017ರಲ್ಲಿ ಉದ್ಘಾಟನೆಗೊಂಡ ಆ ರಾಮಥಾಳ ಯೋಜನೆ ಮಾತ್ರ ನಿರೀಕ್ಷಿಸಿದಂತೆ ಬಳಕೆಯಾಗಲಿಲ್ಲ.

ಇಂಥ ಸೋಲಿಗೆ ಕಚೇರಿಗಳಲ್ಲಿ ಸಿಗುವ ಸಿದ್ಧ ಉತ್ತರ 'ರೈತರಲ್ಲಿ ಜಾಗೃತಿಯ ಕೊರತೆ'. ತಿಕೋಟಾದ ತೋಟಗಳನ್ನು ಕಂಡವರು ಇದನ್ನು ಒಪ್ಪುವುದು ಕಷ್ಟ. ನೀರಿನ ಬರ ಮತ್ತು ಸವಳು ಮಣ್ಣನ್ನು ತಾಳಿಕೊಳ್ಳುವ ಡಾಗ್‌ರಿಡ್ಜ್ ಬೇರಿನ ಮೇಲೆ ಥಾಮ್ಸನ್ ತಳಿಯನ್ನು ಕಸಿ ಮಾಡುವುದು, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ತೋಡುವುದು, ಒಣದ್ರಾಕ್ಷಿಗೆ ಶೆಡ್ ಕಟ್ಟುವುದು, ಎಲ್ಲವನ್ನೂ ಈ ರೈತರು ಕೈಗೆತ್ತಿಕೊಂಡವರೇ.

ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಸಂಶೋಧಕರು 1943ರಲ್ಲಿ ಪ್ರಕಟಿಸಿದರು. 259 ರೈತರ ಪೈಕಿ ಇಬ್ಬರನ್ನುಳಿದು ಎಲ್ಲರೂ 1928ರಿಂದ 1941ರ ಅವಧಿಯಲ್ಲಿ ಆ ಬೀಜಕ್ಕೆ ಬದಲಾಗಿದ್ದರು. ಆದರೆ ಹೆಚ್ಚಿನವರು ಮೊದಲು ಸಣ್ಣ ತುಂಡು ಭೂಮಿಯಲ್ಲಿ ಬಿತ್ತಿ ನೋಡಿ, ಆಮೇಲೆ ವಿಸ್ತರಿಸಿದವರು. ನೆರೆಹೊರೆಯವರ ಅನುಭವವೇ ಅವರಿಗೆ ದೊಡ್ಡ ಪ್ರಮಾಣಪತ್ರವಾಗಿತ್ತು.

ದ್ರಾಕ್ಷಿ ಸೀಮೆಯಲ್ಲಿ ನಡೆದದ್ದೂ ಅದೇ. ಹನಿ ಕೊಳವೆಯನ್ನು ಒಂದೆಕರೆಗೆ ಹಾಕಿ ನೋಡಬಹುದು. ಪಕ್ಕದ ಹೊಲದವನಿಗೆ ಅದರ ಫಲ ಬದುವಿನ ಮೇಲಿಂದಲೇ ಕಾಣುತ್ತದೆ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವನಿಗೆ ಪ್ರತಿ ಲೀಟರಿನ ಬೆಲೆ ಗೊತ್ತು. ಒಮ್ಮೆ ನೆಟ್ಟ ಬಳ್ಳಿ ವರ್ಷಗಟ್ಟಲೆ ನಿಲ್ಲುವುದರಿಂದ ಕೊಳವೆಯನ್ನು ಪದೇ ಪದೇ ಕೀಳಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಾಲ್ವ್ ರೈತನ ಕೈಯಲ್ಲೇ ಇದೆ.

ಒಣದ್ರಾಕ್ಷಿಯ ಲೆಕ್ಕ ಇನ್ನೂ ಸರಳ. ಹಸಿ ದ್ರಾಕ್ಷಿ ಕೊಯ್ದ ಮೇಲೆ ವ್ಯಾಪಾರಿ ಹೇಳಿದ್ದೇ ದರ. ಅದನ್ನೇ ಪೊಟ್ಯಾಸಿಯಂ ಕಾರ್ಬೊನೇಟ್ ಹಾಗೂ ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರವಿದರೆ ಸುಮಾರು ಎರಡು ವಾರಗಳಲ್ಲಿ ಒಣಗುತ್ತದೆ. ಸುಮಾರು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಒಣದ್ರಾಕ್ಷಿ. ಶೈತ್ಯಾಗಾರದಲ್ಲಿಟ್ಟು ದರಕ್ಕಾಗಿ ತಿಂಗಳುಗಟ್ಟಲೆ ಕಾಯುವ ಶಕ್ತಿ ಅದರಿಂದ ಬಂತು. (ಮಾರ್ಚ್‌ನ ಅಕಾಲಿಕ ಮಳೆ ಈ ಲೆಕ್ಕವನ್ನು ಆಗಾಗ ತಲೆಕೆಳಗು ಮಾಡುವುದೂ ಉಂಟು.)

ಮಾರಾಟದ ವಿಷಯದಲ್ಲಿ ಅದೇ ರೈತ ನಿಧಾನಿ. ರಾಜ್ಯದ ಏಕೀಕೃತ ಆನ್‌ಲೈನ್ ಮಾರುಕಟ್ಟೆ ವ್ಯವಸ್ಥೆ 2014ರಲ್ಲಿಯೇ ಆರಂಭವಾದರೂ, ಗಡಿಯಾಚೆಯ ತಾಸಗಾಂವ, ಸಾಂಗ್ಲಿ ಪೇಟೆಗಳ ದಾರಿ ತಪ್ಪಿಲ್ಲ. ಅಡತ ಅಂಗಡಿಯಲ್ಲಿ ಮುಂಗಡ ಸಿಗುತ್ತದೆ, ಮಾಲು ಕೈಯಲ್ಲಿ ಹಿಡಿದು ನೋಡುವ ಖರೀದಿದಾರರು ಸಿಗುತ್ತಾರೆ. ಕಂಪ್ಯೂಟರ್ ಪರದೆ ದರ ತೋರಿಸೀತು, ಚಾಟ್ನಿ ಹೊತ್ತಿಗೆ ಸಾಲ ಕೊಡದು. ಒಬ್ಬ ರೈತ ಬದಲಾದರೆ ಸಾಲದು, ಖರೀದಿದಾರರೂ ಬರಬೇಕು.

ರಾಮಥಾಳದ ತೊಡಕೂ ಇದೇ ಜಾತಿಯದು. ಅಲ್ಲಿ ನೀರು ಸರದಿಯ ಮೇಲೆ ಬರಬೇಕು, ವಾಲ್ವ್ ದೂರದಲ್ಲಿದೆ. ಹಂಗಾಮು ಬೆಳೆಯ ಹೊಲದಲ್ಲಿ ಪ್ರತಿ ಬಾರಿ ಉಳುಮೆಗೆ ಮುನ್ನ ಕೊಳವೆ ಸುತ್ತಿಡಬೇಕು. ತಾನಾಗಿ ಕೊಂಡದ್ದಲ್ಲದ ಕೊಳವೆ ಹರಿದರೆ ದುರಸ್ತಿ ಯಾರದೆಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಈ ವ್ಯತ್ಯಾಸ ಈಗ ತಿಕೋಟಾ, ಬಬಲೇಶ್ವರದ ಬಾಗಿಲಿಗೂ ಬಂದಿದೆ. ತುಬಚಿ–ಬಬಲೇಶ್ವರ ಏತ ನೀರಾವರಿ ಮತ್ತು ಕೆರೆ ತುಂಬುವ ಯೋಜನೆಗಳಿಂದ ಒಣಭೂಮಿಗೆ ಕೃಷ್ಣೆಯ ನೀರು ತಲುಪಿದೆ. ಟ್ಯಾಂಕರ್ ನೀರಿಗೆ ದುಡ್ಡು ತೆತ್ತ ನೆನಪು ಮಾಸಿದ ಮೇಲೂ ಕೊಳವೆ ಉಳಿಯುವುದೇ, ಅಥವಾ ಕಾಲುವೆ ನೀರನ್ನು ಕಬ್ಬಿಗೆ ಹಾಯಿಸುವ ರೂಢಿ ಬರುವುದೇ? ಡೋಣಿ ದಂಡೆಯ ಎರೆಭೂಮಿಗೆ ಸವಳು ಹೊಸದಲ್ಲ. ಹೆಚ್ಚಾದ ನೀರು ಅಲ್ಲಿ ಏನು ಮಾಡುತ್ತದೆಂಬುದು ಸಾರವಾಡದ ಸುತ್ತಲಿನ ಹಿರಿಯ ರೈತರಿಗೆ ಹೇಳಿಕೊಡಬೇಕಿಲ್ಲ.