ಕ್ಯಾಂಟ್ ಸ್ಟೇಷನ್ನಿಗೆ ಕನ್ನಡದ ಮೊಮ್ಮಕ್ಕಳು ಬರಲಿ

ಮಾನ್ಯ ಮುಜರಾಯಿ ಸಚಿವರಿಗೆ,

ಮೈಸೂರಿನಿಂದ ಹೊರಟ ರೈಲು ಎರಡು ರಾತ್ರಿ ಓಡಿ ವಾರಾಣಸಿ ಜಂಕ್ಷನ್ ಸೇರುತ್ತದೆ. ಕಂಟೋನ್ಮೆಂಟ್ ಪಕ್ಕದ ಈ ನಿಲ್ದಾಣ ಊರವರ ಬಾಯಲ್ಲಿ ಬರೀ ‘ಕ್ಯಾಂಟ್’. ಇಲ್ಲಿ ಇಳಿಯುವ ಕನ್ನಡಿಗರಲ್ಲಿ ಅರವತ್ತು ದಾಟಿದವರೇ ಬಹಳ. ಸೆರಗಿನ ಗಂಟಿನಲ್ಲಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟ ಅಜ್ಜಿಯರು, ಕರ್ನಾಟಕದ ಗಡಿಯನ್ನು ಮೊದಲ ಸಲ ದಾಟಿದ ಅಜ್ಜಂದಿರು. ಹೊರಗೆ ಬಂದೊಡನೆ ಆಟೊದವರ ಹಿಂದಿ, ಕೂಲಿಯವರ ಭೋಜಪುರಿ. ಅಲ್ಲಿಂದ ಘಾಟ್‌ಗಳ ಬಳಿಯ ಗೊದೌಲಿಯಾಗೆ ರೂಪಿಸಿದ ರೋಪ್‌ವೇ ಉದ್ದ ನಾಲ್ಕು ಕಿಲೋಮೀಟರೂ ಇಲ್ಲ. ಆದರೆ ಭಾಷೆ ಬಾರದವರಿಗೆ ಇಡೀ ಪಯಣದಲ್ಲಿ ಅತಿ ದೂರದ ಹಾದಿ ಅದೇ.

ಕಾಶಿ ಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2022ರಲ್ಲಿ ತಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ಭಾರತ್ ಗೌರವ್ ರೈಲೂ ಹೊರಟಿತು. ಹರಿಶ್ಚಂದ್ರ ಘಾಟ್ ಪಕ್ಕದಲ್ಲಿ ರಾಜ್ಯದ್ದೇ ಹೆಸರಿನ ಘಾಟ್ ಇದೆ, ಛತ್ರವಿದೆ. ಹಣವಾಯಿತು, ಸೂರೂ ಆಯಿತು. ಇನ್ನು ಬೇಕಿರುವುದು ಮೆಟ್ಟಿಲಿಳಿಯುವಾಗ ಹಿಡಿದುಕೊಳ್ಳಲು ಒಂದು ಕೈ.

ಆ ಕೈಗಳು ಕಾಶಿಯಲ್ಲೇ ಇವೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್. ಇಂದಿಗೂ ಅಲ್ಲಿ ಕರ್ನಾಟಕದ ಹುಡುಗ ಹುಡುಗಿಯರು ಓದುತ್ತಾರೆ. ಜಂಗಮವಾಡಿ ಮಠದ ಅಂಗಳದಲ್ಲೂ ಕನ್ನಡ ಕೇಳಿಸುತ್ತದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ಅದರಲ್ಲಿ ಒಂದಿಷ್ಟನ್ನು ಕ್ಯಾಂಟ್ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಕಳೆಯಲು ಏನಡ್ಡಿ? ವಿಶ್ವವಿದ್ಯಾಲಯಕ್ಕೆ ತಮ್ಮ ಇಲಾಖೆಯೇ ಒಂದು ಪತ್ರ ಬರೆದರೆ ಮಾತು ಮುಂದುವರಿಯುತ್ತದೆ.

ಹಾಗೆಂದು ಇದು ಬ್ಯಾಗು ಹೊರುವ ಕೆಲಸವಾಗಿಬಿಡಬಾರದು. ನೆದರ್‌ಲ್ಯಾಂಡ್ಸ್‌ನ ಡೆವೆಂಟರ್‌ನಲ್ಲಿ ಒಂದು ವೃದ್ಧಾಶ್ರಮ ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಟ್ಟಿತು. ಪ್ರತಿಯಾಗಿ ಕೇಳಿದ್ದು ತಿಂಗಳಿಗೆ 30 ಗಂಟೆ ಹಿರಿಯರೊಂದಿಗೆ ‘ಒಳ್ಳೆಯ ನೆರೆಯವರಾಗಿ’ ಇರುವುದನ್ನು ಮಾತ್ರ. ಕಾಶಿಯಲ್ಲೂ ಕೊಡುಕೊಳ್ಳುವುದು ಎರಡೂ ಕಡೆಯಿಂದ ಆಗಬೇಕು. ಹಾವೇರಿ ಸೀಮೆಯ ಅಜ್ಜಿಗೆ ಬೀಸುವ ಪದ ಗೊತ್ತಿರುತ್ತದೆ, ಕೌದಿಯ ಹೊಲಿಗೆ ಗೊತ್ತಿರುತ್ತದೆ, ಬರಗಾಲದ ವರ್ಷದಲ್ಲಿ ಮನೆ ನಡೆಸಿದ ಲೆಕ್ಕ ಗೊತ್ತಿರುತ್ತದೆ. ಮನೆಯಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಮೆಸ್ಸಿನ ಊಟ ಉಂಡು ಓದುವ ಹುಡುಗಿಗೆ, ‘ಉಂಡಿಯೇನವ್ವಾ’ ಎಂದು ಕೇಳುವ ದನಿಯೇ ಎಷ್ಟು ಬೇಕಾಗಿರುತ್ತದೆ! ಸಂಜೆ ಛತ್ರದ ಜಗಲಿಯಲ್ಲಿ ಒಂದು ಗಂಟೆ ಕೂತರೆ ಸಾಕು. ಅಜ್ಜಿ ಹೇಳಲಿ, ಆಕೆ ಒಪ್ಪಿದರೆ ಹುಡುಗಿ ಮೊಬೈಲಿನಲ್ಲಿ ಧ್ವನಿ ಹಿಡಿಯಲಿ. ಹಾಗೆ ಸೇರಿದ ಪದಗಳನ್ನೂ ಕಥೆಗಳನ್ನೂ ಛತ್ರದಲ್ಲೇ ಕಾಪಿಡಬಹುದು.

ಎಚ್ಚರಿಕೆಯೂ ಬೇಕು. ವಿದ್ಯಾರ್ಥಿಗಳಿಗೆ ಗುರುತಿನ ಚೀಟಿ ಇರಬೇಕು, ಹಿರಿಯರ ದುಡ್ಡು ಮುಟ್ಟಬಾರದೆಂಬ ನಿಯಮವಿರಬೇಕು, ಹೊಣೆ ಹೊರಲು ಛತ್ರದ ಒಬ್ಬರು ಇರಬೇಕು.

ಡಿಸೆಂಬರ್, ಜನವರಿಯ ಮಂಜಿನಲ್ಲಿ ರೈಲುಗಳು ತಾಸುಗಟ್ಟಲೆ ತಡವಾಗುತ್ತವೆ. ಮಂಜು ಸರಿದ ಮೇಲೆ, ಬಿಸಿಲೇರುವ ಮೊದಲು, ಒಂದೇ ರೈಲಿನಿಂದ ಶುರು ಮಾಡಿ: ಇಪ್ಪತ್ತು ಹಿರಿಯರು, ಹತ್ತು ವಿದ್ಯಾರ್ಥಿಗಳು. ಬೋಗಿಯ ಬಾಗಿಲ ಹತ್ತಿರ ಕನ್ನಡದಲ್ಲಿ ಬರೆದ ಫಲಕ ಹಿಡಿದು ಆ ವಿದ್ಯಾರ್ಥಿಗಳು ನಿಂತಿರಲಿ.